ಮಾವನವರ ಫೋನಿಗೆ ಆರಾಮಿರಲಿಲ್ಲ

ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರಾದರೂ ಸತ್ತರೆ ಆ ಮನೆಯವರು ಮೊದಲು ಅಳುತ್ತಿದ್ದರು, ಆಮೇಲೆ ನಮ್ಮ ಮನೆಗೆ ಬರುತ್ತಿದ್ದರು. ಕೆಲವರು ಅಳುವುದನ್ನು ಆಮೇಲೆ ಇಟ್ಟುಕೊಂಡು ಮೊದಲು ನಮ್ಮಲ್ಲಿಗೇ ಬರುತ್ತಿದ್ದರು. ನಮ್ಮ ಮಾವ, ಎಂದರೆ ನನ್ನ ಗಂಡನ ಅಪ್ಪ, ಸಾವಿನ ಸುದ್ದಿ ಮುಟ್ಟಿಸುವ ಮನುಷ್ಯ. ಅದಕ್ಕೆ ಅವರನ್ನು ಯಾರೂ ನೇಮಿಸಿರಲಿಲ್ಲ, ಯಾರೂ ಕೇಳಿಕೊಂಡಿರಲೂ ಇಲ್ಲ. ತೊಂಬತ್ತರ ದಶಕದಲ್ಲಿ ವರ್ಷಗಟ್ಟಲೆ ಕಾದು ಕಾದು ಓಣಿಗೆ ಮೊದಲ ಫೋನು ಬಂದದ್ದು ನಮ್ಮ ಮನೆಗೆ. ಅದನ್ನು ಕೂಡಿಸಿದ ದಿನವೇ ಮೂಲೆಮನೆಯ ಮುದುಕಿ ತೀರಿಕೊಂಡಳು. ಅಲ್ಲಿಂದ ಶುರುವಾಯಿತು.

ನಮ್ಮಲ್ಲಿ ಹೆಣವನ್ನು ಹೆಚ್ಚು ಹೊತ್ತು ಇಡುವುದಿಲ್ಲ. ಮುಂಜಾನೆ ಸತ್ತರೆ ಸಂಜೆಗೆ ಮಣ್ಣು. ಅಷ್ಟರೊಳಗೆ ಕಿತ್ತೂರಿನ ಬೀಗರು, ಸವದತ್ತಿಯ ಅಣ್ಣತಮ್ಮಂದಿರು, ರಾಮದುರ್ಗಕ್ಕೆ ಕೊಟ್ಟ ಮಗಳು, ದೊಡವಾಡದ ಸೋದರಮಾವ ಎಲ್ಲರೂ ಬಂದು ಮುಖ ನೋಡಬೇಕು. ಮೊದಲೆಲ್ಲ ಬಸ್ಸಿಗೊಬ್ಬ, ಸೈಕಲ್ಲಿಗೊಬ್ಬ ಎಂದು ಮಂದಿ ಓಡುತ್ತಿದ್ದರು. ಸುದ್ದಿ ತಡವಾದರೆ ಬಂದವರು ಹೆಣದ ಮುಂದೆಯೇ ಜಗಳ ತೆಗೆದು, ಆ ಜಗಳ ಮುಂದಿನ ಮದುವೆಯವರೆಗೂ ನಡೆಯುತ್ತಿತ್ತು. ಮಾವ ಫೋನಿನ ಮುಂದೆ ಕೂತರೆಂದರೆ ಮಧ್ಯಾಹ್ನದ ಊಟದೊಳಗೆ ಎಲ್ಲ ಊರಿಗೂ ಸುದ್ದಿ ಹೋಗಿರುತ್ತಿತ್ತು. ಯಾವ ಊರಿನಲ್ಲಿ ಯಾರ ಮನೆಗೆ ಫೋನಿದೆ, ಆ ಮನೆಯವರಿಗೂ ಪಕ್ಕದ ಮನೆಯವರಿಗೂ ಮಾತುಕತೆ ಇದೆಯೋ ಇಲ್ಲವೋ ಎಂಬುದು ಅವರಿಗೆ ಗೊತ್ತಿರುತ್ತಿತ್ತು.

ಆದರೆ ಅವರ ನಿಜವಾದ ಕಸುಬು ಇದ್ದದ್ದು ಮಾತಿನಲ್ಲಿ. ಸತ್ತರು ಎಂಬ ಶಬ್ದವನ್ನು ಅವರು ಒಮ್ಮೆಯೂ ಬಾಯಿಂದ ತೆಗೆದವರಲ್ಲ. “ಗಾಬರಿ ಆಗಬ್ಯಾಡ್ರಿ. ಹಿರ್ಯಾರಿಗೆ ಸ್ವಲ್ಪ ಆರಾಮಿಲ್ಲ. ಇದ್ದಂಗ ಹೊಂಟ ಬರ್ರಿ.” ಇಷ್ಟೇ. ಸುತ್ತಲಿನ ನಾಲ್ಕು ತಾಲ್ಲೂಕಿನ ಮಂದಿಗೆ ಇದರ ಅರ್ಥ ತಿಳಿಯುತ್ತಿತ್ತು. ‘ಭಾಳ ಆರಾಮಿಲ್ಲ’ ಎಂದರೆ ಜೀವ ಇನ್ನೂ ಇದೆ, ಬಂದು ಮಾತಾಡಿಸಿ ಹೋಗಬಹುದು. ‘ಸ್ವಲ್ಪ ಆರಾಮಿಲ್ಲ’ ಎಂದರೆ ಮುಗಿಯಿತು, ಬರುವಾಗ ಹೂವಿನ ಮಾಲೆ ತನ್ನಿ. ಒಮ್ಮೆ ಒಬ್ಬ ಅಮಾಯಕ ತನ್ನ ಅಪ್ಪನಿಗೆ ನೆಗಡಿ ಬಂದದ್ದನ್ನು ರಾಮದುರ್ಗದ ತಂಗಿಗೆ ಫೋನಿನಲ್ಲಿ ಇದೇ ಮಾತಿನಲ್ಲಿ ಹೇಳಿಬಿಟ್ಟ. ಅವಳು ಊರೆಲ್ಲ ಕೂಡಿಸಿಕೊಂಡು, ಟೆಂಪೋ ಮಾಡಿಸಿಕೊಂಡು, ದಾರಿಯುದ್ದಕ್ಕೂ ಅಳುತ್ತಾ ಬಂದಳು. ಬಾಗಿಲು ತೆರೆದವನು ಅವಳ ಅಪ್ಪನೇ. ತಂದ ಮಾಲೆಯನ್ನು ಏನು ಮಾಡುವುದೆಂದು ತಿಳಿಯದೆ ದೇವರ ಫೋಟೋಕ್ಕೆ ಹಾಕಿ, ಚಹಾ ಕುಡಿದು ಹೋದರು. ಆ ಮನುಷ್ಯ ಸಾಯುವತನಕ ಮಗನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಇದರಿಂದ ನಮ್ಮ ಮಾವನ ಕಿಮ್ಮತ್ತು ಇನ್ನೂ ಏರಿತು. ಇಂಥ ಮಾತನ್ನು ಕಂಡಕಂಡವರು ಆಡಬಾರದು ಎಂದು ಊರಿಗೆ ಮನವರಿಕೆಯಾಯಿತು. ಅರಳೆ ದಲಾಲಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಮಾವನಿಗೆ ಬೇರೆ ಕೆಲಸವಿರಲಿಲ್ಲ. ಊರಿನ ಸಾವು ತನ್ನ ಬಾಯಿಂದಲೇ ಹೊರಡಬೇಕು ಎಂಬುದೊಂದೇ ಅವರಿಗಿದ್ದ ಆಸೆ, ಅದೊಂದೇ ಅವರ ಮರ್ಯಾದೆ.

ಮುಂದೆ ಮೊಬೈಲು ಬಂತು. ಮೊದಮೊದಲು ಬಂದ ಕರೆಗೂ ಕಾಸು ಕತ್ತರಿಸುತ್ತಿದ್ದರಂತೆ. “ಮಂದಿ ಸತ್ತದ್ದು ಕೇಳಾಕೂ ನಾವ ರೊಕ್ಕ ಕೊಡಬೇಕೇನು?” ಎಂದು ಮಾವ ಅದನ್ನು ಮುಟ್ಟಲಿಲ್ಲ. ಆಮೇಲೆ ದಿಲ್ಲಿಯವರು ಒಳಬರುವ ಕರೆ ಪುಕ್ಕಟೆ ಎಂದು ನಿಯಮ ಮಾಡಿದರು ಎಂದು ಪೇಪರಿನಲ್ಲಿ ಓದಿ ಅದೇ ವಾರ ಒಂದು ಮೊಬೈಲು ಕೊಂಡರು. ಅದನ್ನು ಬನಿಯನ್ನಿನ ಕಿಸೆಯಲ್ಲಿಟ್ಟುಕೊಂಡು, ಅದರ ಮೇಲೆ ಅಂಗಿ, ಅಂಗಿಯ ಮೇಲೆ ಕೋಟು ಹಾಕುತ್ತಿದ್ದರು. ಫೋನು ಬಂದರೆ ಒಂದೊಂದೇ ಗುಂಡಿ ಬಿಚ್ಚಿ ಅದನ್ನು ಹೊರಗೆ ತೆಗೆಯುವಷ್ಟರಲ್ಲಿ ಅತ್ತಲಿನವರಿಗೆ ಮುಪ್ಪು ಬರುತ್ತಿತ್ತು.

ಆ ಹೊತ್ತಿನಲ್ಲೇ ಆದದ್ದು ಇದು. ಸವದತ್ತಿಯ ಅರಳೆ ವ್ಯಾಪಾರಿಯೊಬ್ಬನಿಗೆ ಮಾವ ಮೊಬೈಲಿನಿಂದ ಫೋನು ಮಾಡಿದರು. ಅವನ ಫೋನಿನಲ್ಲಿ ಟ್ರಿಣ್ ಟ್ರಿಣ್ ಬದಲಿಗೆ ಸಿನೆಮಾ ಹಾಡು ಬಂತು. ಹುಡುಗಿಯೊಬ್ಬಳು ಮಳೆಯಲ್ಲಿ ನೆನೆದುಕೊಂಡು, ಏದುಸಿರು ಬಿಡುತ್ತಾ, ತಡಮಾಡಬೇಡ, ಇವತ್ತೇ ಬಂದುಬಿಡು ಎಂದು ಯಾರನ್ನೋ ಕರೆಯುವ ಹಾಡು. ನಡುವೆ ಒಂದು ಗಂಡುದನಿ, ಈ ಹಾಡು ನಿಮ್ಮ ಫೋನಿಗೂ ಬೇಕಾದರೆ ಯಾವುದೋ ಗುಂಡಿ ಒತ್ತಿ ಎಂದು ಹೇಳಿತು. ಮಾವನಿಗೆ ರೇಗಿತು. ಹುಡುಗಿಯ ಬಾಯಿ ಮುಚ್ಚಿಸಲೆಂದು ಸಿಕ್ಕಸಿಕ್ಕ ಗುಂಡಿಗಳನ್ನೆಲ್ಲ ಹೆಬ್ಬೆರಳಿನಿಂದ ಅಮುಕಿದರು. ಹಾಡು ನಿಂತಿತು. ನಿಂತದ್ದಲ್ಲ, ನಮ್ಮ ಮನೆಗೆ ನಡೆದುಬಂದಿತ್ತು.

ಈ ಹಾಡಿನ ಗಮ್ಮತ್ತೇನೆಂದರೆ ಫೋನು ಮಾಡಿದವರಿಗೆ ಮಾತ್ರ ಅದು ಕೇಳುತ್ತದೆ, ಫೋನಿನ ಒಡೆಯನಿಗೆ ಕೇಳುವುದಿಲ್ಲ. ಅವ್ವ ಸತ್ತಳೆಂದು ಎದೆ ಬಡಿದುಕೊಳ್ಳುತ್ತಾ ನಮ್ಮ ಮಾವನಿಗೆ ಫೋನು ಮಾಡಿದ ಗಂಡಸಿನ ಕಿವಿಯಲ್ಲಿ ಒದ್ದೆ ಹುಡುಗಿ ಏದುಸಿರು ಬಿಡುತ್ತಿದ್ದಳು. ಮಾವ ಮೂರು ಪದರದ ಗುಂಡಿ ಬಿಚ್ಚುವವರೆಗೂ ಬಿಡುತ್ತಿದ್ದಳು. ಕಿತ್ತೂರಿನ ಒಂದು ಮನೆಯಲ್ಲಿ ಹೆಣದ ಪಕ್ಕದಲ್ಲಿ ಕೂತು ಫೋನು ಹಚ್ಚಿದವನು ಫಕ್ಕನೆ ನಕ್ಕು, ಅವನನ್ನು ನೋಡಿ ಅವನ ತಂಗಿ ನಕ್ಕು, ಕೊನೆಗೆ ಸೆರಗು ಬಾಯಿಗಿಟ್ಟುಕೊಂಡು ಎಲ್ಲರೂ ಒಳಗೆ ಓಡಿದರಂತೆ. ಸತ್ತವನನ್ನು ಕಂಡರೆ ಹೇಗೂ ಅವರಿಗೆ ಅಷ್ಟಕ್ಕಷ್ಟೇ ಇತ್ತು ಎಂದು ನಮ್ಮ ಅತ್ತೆ ಸಮಜಾಯಿಷಿ ಕೊಟ್ಟರು.

ಊರಿಗೆಲ್ಲ ಗೊತ್ತು. ಮಾವನಿಗೊಬ್ಬರಿಗೆ ಗೊತ್ತಿಲ್ಲ. ಹೇಳುವವರು ಯಾರು? ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಬಾರದು ಎಂದು ನಾಲ್ಕು ತಾಲ್ಲೂಕಿಗೆ ಕಲಿಸಿದವರೇ ಅವರು. ಹಾಗಾಗಿ ಮಂದಿ ಅವರಿಗೆ ಅವರದೇ ರೀತಿಯಲ್ಲಿ ಹೇಳಿದರು. ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮಳೆ ಬೆಳೆ ಮಾತಾಡಿ, ಎದ್ದು ಹೋಗುವಾಗ ಅಂದರು:

“ಯಜಮಾನ್ರ, ಗಾಬರಿ ಆಗಬ್ಯಾಡ್ರಿ. ನಿಮ್ಮ ಫೋನಿಗೆ ಸ್ವಲ್ಪ ಆರಾಮಿಲ್ಲ.”

ಮಾವ ಫೋನನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಸತ್ತೇ ಹೋಗಿದೆ ಎಂದು ತಿಳಿದು, ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದರು.

ಹುಡುಗಿ ಮುಂದುವರಿದಳು. ಊರು ಇನ್ನಷ್ಟು ಸೂಕ್ಷ್ಮವಾಗಿ ಹೇಳಿತು, ಮಾವ ಇನ್ನಷ್ಟು ಬ್ಯಾಟರಿ ಬದಲಿಸಿದರು. ಈ ನಡುವೆ ಸಿರಸಂಗಿಯಲ್ಲಿದ್ದ ಮಾವನ ಅಕ್ಕ ದಿನಾ ಒಮ್ಮೆ ಫೋನು ಮಾಡುತ್ತಿದ್ದರು. ಮಾವ ಗುಂಡಿ ಬಿಚ್ಚಿ ಎತ್ತುವಷ್ಟರಲ್ಲಿ ಕಟ್ಟಾಗುತ್ತಿತ್ತು. “ಅಕ್ಕಗ ವಯಸ್ಸಾತು, ಫೋನ್ ಹಿಡಿಯಾಕೂ ಬರವಲ್ಲದು,” ಎಂದು ಮಾವ ಮರುಗುತ್ತಿದ್ದರು.

ಮನೆಯಲ್ಲಿ ನನ್ನ ಗಂಡ ಹೇಳಲಿಲ್ಲ. ಅಪ್ಪ ಮುಂಬಾಗಿಲಿನಿಂದ ಬಂದರೆ ಹಿತ್ತಲಿನಿಂದ ಹೋಗುವ ಮಗ ಅವರು. ಅತ್ತೆಗೆ ಹೇಳುವ ಮನಸ್ಸೇ ಇರಲಿಲ್ಲ, ಅವರಿಗೆ ಮಜಾ ಬರುತ್ತಿತ್ತು. ನನಗೆ ಮಾತ್ರ ತಡೆಯಲಾಗಲಿಲ್ಲ. ಸಾವಿನ ಫೋನುಗಳು ಕಡಿಮೆಯಾಗುತ್ತಾ ಬಂದಿದ್ದವು. ಮಂದಿ ಬೇರೆ ಯಾರಿಂದಲೋ ಸುದ್ದಿ ಕಳಿಸಿ ನಮ್ಮ ಮಾವನನ್ನು ತಪ್ಪಿಸಿಕೊಂಡು ಹೋಗುತ್ತಿದ್ದರು. ಮಾವ ಕಟ್ಟೆಯ ಮೇಲೆ ಕೂತು, “ಏನಬೇ, ಈ ವರ್ಷ ಮಂದಿ ಸಾಯೂದ ಬಿಟ್ಟಾರೇನು?” ಎಂದು ಕೇಳಿದರು. ಸೊಸೆಯಾದವಳು ಮಾವನ ಮುಂದೆ ಕೂತು ಮಾತಾಡುವ ಪದ್ಧತಿ ಆಗ ನಮ್ಮ ಮನೆಯಲ್ಲಿರಲಿಲ್ಲ. ಅದಕ್ಕೆ ನಿಂತೇ ಹೇಳಿದೆ.

“ಮಾವಾರ, ನಿಮ್ಮ ಫೋನಿನ್ಯಾಗ ಹುಡುಗಿ ಹಾಡ್ತಾಳ್ರಿ. ಊರ ಮಂದಿ ಎಲ್ಲಾ ಕೇಳೈತಿ. ಅದಕ್ಕ ನಿಮಗ ಯಾರೂ ಫೋನ್ ಮಾಡವಲ್ರು.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಎದ್ದುಹೋಗಿ ಪಡಸಾಲೆಯ ಹಳೆಯ ಫೋನಿನಿಂದ ತಮ್ಮದೇ ಮೊಬೈಲಿಗೆ ಡಯಲ್ ಮಾಡಿದರು. ಎಡಗಿವಿಯಲ್ಲಿ ರಿಸೀವರು, ಬಲಗೈಯಲ್ಲಿ ಬಡಿದುಕೊಳ್ಳುತ್ತಿರುವ ಮೊಬೈಲು. ಹುಡುಗಿ ತಡಮಾಡಬೇಡ ಎಂದಳು, ಇವತ್ತೇ ಬಾ ಎಂದಳು, ಏದುಸಿರು ಬಿಟ್ಟಳು. ಪೂರ್ತಿ ಮುಗಿಯುವವರೆಗೂ ನಿಂತು ಕೇಳಿದರು. ಕಿವಿಯ ತುದಿ ಕೆಂಪಾಗಿತ್ತು. ಮೊಬೈಲನ್ನು ತೆಗೆದುಕೊಂಡುಹೋಗಿ ಜೋಳದ ಚೀಲದೊಳಗೆ ಹೂತುಬಿಟ್ಟರು. ಎರಡು ಹೊತ್ತು ಊಟ ಮಾಡಲಿಲ್ಲ. ನಗಲು ತಯಾರಾಗಿ ನಿಂತಿದ್ದ ಅತ್ತೆಯೂ ನಗಲಿಲ್ಲ.

ಮೂರನೆಯ ಹೊತ್ತಿಗೆ ಸಿಟ್ಟು ಬಂತು, ಹಸಿವೂ ಬಂತು. ಕಂಪನಿಗೆ ಫೋನು ಮಾಡಿದರು. ಬೆಂಗಳೂರು ಕನ್ನಡದ ಹುಡುಗಿಯೊಬ್ಬಳು, “ಸರ್, ಇದು ತಾವೇ ಆಯ್ಕೆ ಮಾಡಿಕೊಂಡಿರೋ ಹಾಡು. ತುಂಬಾ ಜನಪ್ರಿಯವಾಗಿದೆ ಸರ್,” ಎಂದಳು.

“ಯವ್ವಾ, ನಾ ಅದನ್ನ ಬಂದ್ ಮಾಡಾಕ ಒತ್ತೇನಿ, ಬೇಕಂತ ಒತ್ತಿಲ್ಲ.”

“ಒತ್ತಿದ್ದೀರಲ್ಲ ಸರ್.”

ಮಾವ ಮತ್ತೆ ಮತ್ತೆ ಫೋನು ಮಾಡಿದರು. ಕಂಪನಿಯವರು ದೂರನ್ನು ದಾಖಲಿಸಿಕೊಂಡಿದ್ದೇವೆ ಎಂದರು, ಮೇಲಿನವರು ನೋಡುತ್ತಾರೆ ಎಂದರು. ಮೇಲಿನವರು ನೋಡಲಿಲ್ಲ. ಆಗ ನನ್ನ ಗಂಡ ಹಿತ್ತಲಿಗೆ ಹೋಗುವ ದಾರಿಯಲ್ಲಿ ಒಂದು ಮಾತು ಎಸೆದು ಹೋದರು: ಎಲ್ಲ ಫೋನು ಕಂಪನಿಗಳ ಮೇಲೆ ದಿಲ್ಲಿಯಲ್ಲಿ ಒಂದು ಪ್ರಾಧಿಕಾರವಿದೆ, ಒಳಬರುವ ಕರೆಯನ್ನು ಪುಕ್ಕಟೆ ಮಾಡಿದವರು ಅವರೇ. ಮಾವನ ಮುಖ ಅರಳಿತು. ಕಂಪನಿಯವರಿಗೂ ಒಬ್ಬ ಯಜಮಾನ ಇದ್ದಾನೆ ಎಂಬುದರಿಂದಲೇ ಅವರಿಗೆ ಅರ್ಧ ಜಯ ಸಿಕ್ಕಂತಾಗಿತ್ತು.

ದಿಲ್ಲಿಯ ನಂಬರು ಹುಡುಕಿಸಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಫೋನು ಮಾಡಿದರು. ಅವರ ಹಿಂದಿಯೆಂದರೆ ಸಂತೆಯಲ್ಲಿ ಎತ್ತು ಕೊಳ್ಳುವಾಗ ಕಲಿತದ್ದು.

“ಸಾಬ್, ಹಮಾರೇ ಫೋನ್ ಮೇ ಏಕ್ ಲಡಕೀ ಘುಸ್ ಗಯೀ ಹೈ. ನಿಕಾಲೋ.”

ಫೋನಿನಲ್ಲಿ ಹುಡುಗಿ ಹೊಕ್ಕಿದ್ದಾಳೆ, ತೆಗೆಯಿರಿ ಎಂದು ಕೇಳಿ ಆ ಅಧಿಕಾರಿಗೆ ಏನನಿಸಿತೋ. ಆದರೆ ಮನುಷ್ಯ ಒಳ್ಳೆಯವನು, ಪೂರ್ತಿ ಕೇಳಿಸಿಕೊಂಡ. ಇಂಥವು ಬಹಳ ಬರುತ್ತಿವೆ, ನಾವು ನಿಯಮ ಮಾಡುತ್ತೇವೆ, ಕಂಪನಿಗಳು ಹೇಗೆ ನಡೆದುಕೊಳ್ಳಬೇಕೆಂದು ಹೇಳುತ್ತೇವೆ, ಆದರೆ ಒಬ್ಬೊಬ್ಬರ ದೂರನ್ನು ಇಲ್ಲಿ ಬಗೆಹರಿಸುವುದಿಲ್ಲ, ಅದಕ್ಕೆ ನೀವು ಕಂಪನಿಯ ಹತ್ತಿರವೇ ಹೋಗಬೇಕು ಎಂದ. ಮಾವ ರಿಸೀವರು ಇಟ್ಟು ನಮ್ಮ ಕಡೆ ತಿರುಗಿದರು.

“ಅಂದ್ರ ಇವರು ಸುದ್ದಿ ಕೇಳ್ತಾರ, ಮಣ್ಣಿಗೆ ಬರೂದಿಲ್ಲ.”

ಪ್ರಾಧಿಕಾರದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಇವತ್ತಿಗೂ ಎಲ್ಲಿಯೂ ಓದಿಲ್ಲ. ನವಿಲುತೀರ್ಥದ ಅಣೆಕಟ್ಟಿನಲ್ಲಿ ಕೂತವರು ಯಾವ ಕಾಲುವೆಗೆ ಎಷ್ಟು ನೀರು ಎಂದು ಹೇಳಬಹುದು, ನಮ್ಮ ಹೊಲದ ಒಡ್ಡಿಗೆ ಬಂದು ಗುದ್ದಲಿ ಹಿಡಿಯುವುದಿಲ್ಲ. ನಾನು ಹಾಗೆ ವಿವರಿಸಿದೆ. ಮಾವ ಒಪ್ಪಿದರು, ಆದರೆ ಸಮಾಧಾನವಾಗಲಿಲ್ಲ.

ಕೊನೆಗೆ ಹುಡುಗಿಯನ್ನು ಹೊರಗೆ ಹಾಕಿದವನು ಬಜಾರದಲ್ಲಿ ಬಳೆ ಮಾರುತ್ತಾ ರೀಚಾರ್ಜೂ ಮಾಡುತ್ತಿದ್ದ ಅಂಗಡಿಯವನು. ಜೋಳದ ಧೂಳು ಒರೆಸಿದ ಮೊಬೈಲನ್ನು ನಾನೇ ಒಯ್ದೆ. ಅವನು ಬಳೆ ತೊಡಿಸುತ್ತಿದ್ದ ಹೆಂಗಸಿನ ಕೈ ಬಿಡದೆ, ಇನ್ನೊಂದು ಕೈಯಿಂದ ಏನೋ ಒಂದು ಸಂದೇಶ ಕಳಿಸಿದ. ಆಯಿತು. ಇಷ್ಟಕ್ಕೆ ನಾವು ದಿಲ್ಲಿಯವರೆಗೆ ಹೋಗಿ ಬಂದಿದ್ದೆವು. ಹುಡುಗಿ ಹೋದಳೆಂಬ ಸುದ್ದಿ ಊರೆಲ್ಲ ತಾನಾಗಿಯೇ ಹರಡಿತು, ಒಂದು ವಾರದೊಳಗೆ ಎರಡು ಸಾವು ನಮ್ಮ ಮಾವನ ಪಾಲಿಗೆ ಬಂದವು. ಮಾವ ಮತ್ತೆ ಹೊಟ್ಟೆ ತುಂಬ ಉಣ್ಣತೊಡಗಿದರು.

ಅದಾದ ಮೇಲೆ ಸಿರಸಂಗಿ ಅತ್ತೆಯ ಫೋನು ಬರುವುದು ನಿಂತುಹೋಯಿತು. ಮಾವನ ಅಕ್ಕನನ್ನು ಮನೆಯವರೆಲ್ಲ ಹಾಗೇ ಕರೆಯುತ್ತಿದ್ದೆವು. ಅವರನ್ನು ನೋಡಿಕೊಂಡು ಬರಲು ನನ್ನನ್ನು ಕಳಿಸಿದರು. ಕಾಳಿಕಾ ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿಕೊಂಡು ಅವರ ಮನೆಗೆ ಹೋದೆ. ಶೇಂಗಾ ಸುಲಿಯುತ್ತಾ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಎಳೆದು, ಸೊಸೆ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು ಕೇಳಿದರು:

“ಯವ್ವಾ, ಆ ಹಾಡು ಎಲ್ಲಿ ಹೋತು?”

ನನಗೆ ಮೊದಲು ತಿಳಿಯಲಿಲ್ಲ.

“ಅದ ಬೇ, ಇವತ್ತ ಬಾ ಇವತ್ತ ಬಾ ಅಂತ ಕರೀತಿತ್ತಲ್ಲ ಹುಡುಗಿ. ದಿನಾ ಕೇಳ್ತಿದ್ದೆ. ತಮ್ಮ ಎತ್ತೂದ್ರಾಗ ಕಟ್ ಮಾಡ್ತಿದ್ದೆ. ಎತ್ತಿದ್ರ ಅವಂದ ಅದ ಮಣಕಾಲ ನೋವು, ಯಾವಾಗಲೂ ಕೇಳೂದ ಐತಿ.” ಎಂದು ನಕ್ಕು, ಮತ್ತೆ ಶೇಂಗಾದ ಕಡೆ ಮುಖ ಮಾಡಿದರು. “ಲಗ್ನ ಆಗಿ ಬಂದಾಗಿಂದ ನನ್ನ ಯಾರೂ ಹಂಗ ಕರದಿಲ್ಲ. ರೊಟ್ಟಿ ಆತೇನು ಅಂತ ಕರದಾರ, ಎಮ್ಮಿ ಹಿಂಡಿದೇನು ಅಂತ ಕರದಾರ.”

ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅರ್ಧ ಚೀಲ ಶೇಂಗಾ ಸುಲಿದುಕೊಟ್ಟು ಬಂದೆ.

ಮನೆಗೆ ಬಂದು ಇದನ್ನೂ ಮಾವನಿಗೆ ನಿಂತೇ ಹೇಳಿದೆ. ಅವರು ಗುಂಡಿ ಬಿಚ್ಚಿ ಮೊಬೈಲನ್ನು ತೆಗೆದು ನೋಡಿ, ಮತ್ತೆ ಒಳಗಿಟ್ಟು ಗುಂಡಿ ಹಾಕಿಕೊಂಡರು. ನನಗೆ ಅವರ ತಾಪತ್ರಯ ಅರ್ಥವಾಗುತ್ತಿತ್ತು. ಆ ಕಡೆ ಅಕ್ಕ, ಈ ಕಡೆ ನಾಲ್ಕು ತಾಲ್ಲೂಕಿನ ಹೆಣಗಳು.

ಕೆಲವು ತಿಂಗಳಾದ ಮೇಲೆ ಪೇಪರಿನಲ್ಲಿ ಮತ್ತೊಂದು ಸುದ್ದಿ ಬಂತು. ಗ್ರಾಹಕ ಸ್ಪಷ್ಟವಾಗಿ ಒಪ್ಪಿಗೆ ಕೊಡದೆ ಅವನ ಫೋನಿಗೆ ಹಾಡು, ಜ್ಯೋತಿಷ್ಯ, ಕ್ರಿಕೆಟ್ಟು ಏನನ್ನೂ ಅಂಟಿಸಬಾರದು ಎಂದು ದಿಲ್ಲಿಯವರು ಕಂಪನಿಗಳಿಗೆ ತಾಕೀತು ಮಾಡಿದ್ದರು. ಮಾವ ಅದನ್ನು ಓಣಿಯ ಪ್ರತಿಯೊಬ್ಬರಿಗೂ ಓದಿ ಹೇಳಿದರು. ತಾವು ಹಿಂದಿಯಲ್ಲಿ ಗದರಿಸಿದ್ದಕ್ಕೇ ಈ ನಿಯಮ ಬಂದಿತೆಂದು ಅವರಿಗೆ ಖಾತ್ರಿಯಾಗಿತ್ತು. ದೇಶದಲ್ಲಿ ಇನ್ನೂ ಲಕ್ಷಾಂತರ ಮಂದಿ ಗದರಿಸಿರಬಹುದು ಎಂದು ನನ್ನ ಗಂಡ ಹಿತ್ತಲಿನಿಂದಲೇ ಅಂದರು. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಕೋಟು ಹಾಕಿಕೊಂಡು ನನ್ನನ್ನು ಕರೆದುಕೊಂಡು ಬಳೆ ಅಂಗಡಿಗೆ ಹೋದರು. “ಆ ಹುಡುಗೀನ್ನ ತಿರಗಿ ಹಾಕು,” ಎಂದರು. ಅಂಗಡಿಯವನ ಕೈಯಿಂದ ಬಳೆ ಜಾರಿತು. ಅವನು ಕಂಪನಿಯ ನಂಬರು ಹಚ್ಚಿಕೊಟ್ಟಾಗ ಫೋನಿನೊಳಗಿನ ಹೆಂಗಸು ನಿಮಗೆ ಈ ಹಾಡು ಬೇಕೇ, ಬೇಕಾದರೆ ಒಂದನ್ನು ಒತ್ತಿ ಎಂದಳು. ಒತ್ತಿದರೆ ಸಾಕಿತ್ತು. ಮಾವ ಒತ್ತಿದ್ದಲ್ಲದೆ ಫೋನನ್ನು ಬಾಯಿಯ ಹತ್ತಿರ ತಂದು, ಬಜಾರಕ್ಕೆಲ್ಲ ಕೇಳುವಂತೆ, “ನನ್ನ ಸ್ಪಷ್ಟ ಒಪ್ಪಿಗಿ ಐತಿ!” ಎಂದು ಕೂಗಿದರು.

ಅಂದಿನಿಂದ ಫೋನು ಬನಿಯನ್ನಿನ ಕಿಸೆ ಬಿಟ್ಟು ಕೈಗೆ ಬಂತು. ಬೇರೆ ಯಾರ ಕರೆ ಬಂದರೂ ಮೊದಲ ಸದ್ದಿಗೇ ಎತ್ತುತ್ತಿದ್ದರು. ಬಚ್ಚಲಿಗೂ ಒಯ್ಯುತ್ತಿದ್ದರು, ಉಣ್ಣುವಾಗ ಎಡಗೈಯಲ್ಲಿ ಹಿಡಿದಿರುತ್ತಿದ್ದರು. ದುಃಖದಲ್ಲಿದ್ದವರಿಗೆ ಹುಡುಗಿಯ ಅರ್ಧ ಉಸಿರು ಕೇಳುವಷ್ಟರಲ್ಲಿ, “ಹೇಳ್ರಿ, ಯಾರಿಗೆ ಆರಾಮಿಲ್ಲ?” ಎಂಬ ಗಡಸು ದನಿ ಬರುತ್ತಿತ್ತು. ಆದರೆ ಪರದೆಯ ಮೇಲೆ ಸಿರಸಂಗಿ ಎಂದು ಬಂದರೆ ಫೋನನ್ನು ಕಟ್ಟೆಯ ಮೇಲಿಟ್ಟು, ಯಾರೂ ಮುಟ್ಟಬಾರದೆಂದು ಕೈ ಅಡ್ಡ ಹಿಡಿದು, ಅದು ತಾನಾಗಿ ನಿಲ್ಲುವವರೆಗೂ ಬಿಡುತ್ತಿದ್ದರು. ಅಕ್ಕ ತಮ್ಮ ಈ ವಿಷಯವನ್ನು ಒಮ್ಮೆಯೂ ಮಾತಾಡಲಿಲ್ಲ. ಕೆಲವು ವರ್ಷ ಹೀಗೇ ನಡೆಯಿತು.

ಒಂದು ಮಧ್ಯಾಹ್ನ ನಾವೆಲ್ಲ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆವು. ಫೋನು ಬಂತು, ಸಿರಸಂಗಿ. ಮಾವ ಕೈ ಅಡ್ಡ ಹಿಡಿದರು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಕೂಡಲೇ ಮತ್ತೆ ಬಂತು.

“ಇವತ್ತ ಎರಡನೇ ಸಲ ಕೇಳಾಕತ್ತಾಳ. ಚಲೋ ಖುಷ್ಯಾಗ ಅದಾಳ ನೋಡು,” ಎಂದು ಮಾವ ನಕ್ಕರು. ಅತ್ತೆಯೂ ನಕ್ಕರು. ಅದೂ ಪೂರ್ತಿ ಆಗಿ ನಿಂತಿತು.

ಆಮೇಲೆ ಪಡಸಾಲೆಯ ಹಳೆಯ ಫೋನು ಬಡಿದುಕೊಂಡಿತು. ನಾನು ಹೋಗಿ ಎತ್ತಿದೆ. ಸಿರಸಂಗಿ ಅತ್ತೆಯ ಮಗ.

“ವೈನೀ, ಮಾಮಾ ಫೋನ್ ಎತ್ತವಲ್ರು. ಗಾಬರಿ ಆಗಬ್ಯಾಡ್ರಿ. ಅವ್ವಗ ಸ್ವಲ್ಪ ಆರಾಮಿಲ್ಲ.”

ಅಂಗಳಕ್ಕೆ ಬಂದೆ. ಮಾವ ಇನ್ನೂ ನಗುಮುಖದಲ್ಲೇ ಇದ್ದರು. “ಯಾರದು?” ಎಂದರು. ಅವರ ಮಾತನ್ನೇ ಅವರಿಗೆ ಹೇಳಿಬಿಡಬಹುದಿತ್ತು. ಆದರೆ ಹುಡುಗಿಯ ವಿಷಯವನ್ನು ಹೇಗೆ ನೇರವಾಗಿ ಹೇಳಿದ್ದೆನೋ ಹಾಗೇ ಹೇಳಿದೆ.

“ಸಿರಸಂಗಿ ಅತ್ತಿ ತೀರಿಕೊಂಡ್ರು, ಮಾವಾರ.”

ಅವರು ಕಟ್ಟೆಯ ಮೇಲಿನ ಫೋನನ್ನು ನೋಡಿದರು. “ಹಂಗಾರ ಈಗ ಫೋನ್ ಮಾಡಿದಾಂವ?”

“ಅವರ ಮಗಾರಿ.”

“ಪಾಪ, ಎರಡೂ ಸಲ ಪೂರ್ತಿ ಕೇಳಿದನಲ್ಲ,” ಎಂದರು. ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು. ಕೈಗೆ ಮೆಣಸಿನಕಾಯಿ ಖಾರ ಹತ್ತಿತ್ತು. ಅತ್ತೆ ತಂಬಿಗೆಯಲ್ಲಿ ನೀರು ತಂದು ಕಣ್ಣು ತೊಳೆಸಿದರು. ತೊಳೆದಷ್ಟೂ ನೀರು ಬರುತ್ತಲೇ ಇತ್ತು.

ಆಮೇಲೆ ಪಡಸಾಲೆಗೆ ಹೋಗಿ ಹಳೆಯ ಫೋನಿನ ಮುಂದೆ ಕೂತರು. ಕಿತ್ತೂರಿಗೆ ಹಚ್ಚಿದರು, ಸವದತ್ತಿಗೆ, ರಾಮದುರ್ಗಕ್ಕೆ, ದೊಡವಾಡಕ್ಕೆ ಹಚ್ಚಿದರು. ಎಲ್ಲರಿಗೂ ಒಂದೇ ಮಾತು ಹೇಳಿದರು: “ನಮ್ಮ ಅಕ್ಕ ಸತ್ತಳು. ಸಂಜಿಗೆ ಮಣ್ಣು. ಬರ್ರಿ.” ಆ ಶಬ್ದವನ್ನು ಅವರ ಬಾಯಿಂದ ಕೇಳಿ ಅತ್ತಲಿನವರು ಬರೀ ಹೂಂ ಅನ್ನುತ್ತಿದ್ದರು.

ಸಿರಸಂಗಿಗೆ ಟೆಂಪೋದಲ್ಲಿ ಹೊರಟೆವು. ದಾರಿಯುದ್ದಕ್ಕೂ ಮೊಬೈಲಿಗೆ ಫೋನು ಬರುತ್ತಲೇ ಇತ್ತು, ಸುದ್ದಿ ಕೇಳಿ ಸಮಾಧಾನ ಹೇಳಲು ಮಾಡಿದವರದು. ನಾನು ಎತ್ತಲು ಕೈ ಚಾಚಿದೆ. ಮಾವ ಕೈ ಅಡ್ಡ ಹಿಡಿದರು.

“ತಡಿ. ಕೇಳಲಿ ಎಲ್ಲಾರೂ.”

ಫೋನು ಅವರ ತೊಡೆಯ ಮೇಲಿತ್ತು. ಒಂದೊಂದು ಸಲವೂ ಅದು ತಾನಾಗಿ ನಿಲ್ಲುವವರೆಗೂ ಬಿಟ್ಟರು, ಆಮೇಲೆ ತಾವೇ ತಿರುಗಿ ಫೋನು ಮಾಡಿ ಮಾತಾಡಿದರು.